ಸಹಾಯ ಬೇಕು: ರಟ್ಟಿನ ಬೀದಿಶಿಲ್ಪವನ್ನು ಮಳೆಗಾಲದ ತೇವದಿಂದ ಉಳಿಸುವುದು ಹೇಗೆ?

ಮಾನ್ಯ ಸದಸ್ಯರಿಗೆ ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ಕುಂಬಳೆಯವನು. ಅಂಗಡಿಯವರು ಎಸೆಯುವ ರಟ್ಟಿನ ಪೆಟ್ಟಿಗೆ ಮತ್ತು ಹಳೆಯ ಪತ್ರಿಕೆಗಳಿಂದ ಶಿಲ್ಪಗಳನ್ನು ಮಾಡುತ್ತೇನೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಲ್ಲವೇ ಎಂದು, ಪೇಟೆಯ ಬೀದಿಬದಿಯಲ್ಲಿ ಇರಿಸಲು 6 ಅಡಿ ಎತ್ತರದ ಯಕ್ಷಗಾನ ವೇಷವೊಂದನ್ನು ಕೈಗೆತ್ತಿಕೊಂಡಿದ್ದೇನೆ.

ಒಳಗೆ ಬಿದಿರಿನ ಸೀಳುಗಳ ಚೌಕಟ್ಟಿದೆ. ರಟ್ಟಿನೊಳಗಿನ ಅಲೆಗಾಗದದ ಸಾಲುಗಳು ಕಾಲುಗಳಲ್ಲಿ ನೆಟ್ಟಗೆ ನಿಂತರೆ ಭಾರ ಹೊರುತ್ತವೆ, ಕಿರೀಟದಂತಹ ದುಂಡು ಭಾಗಗಳಲ್ಲಿ ಅದೇ ಸಾಲುಗಳ ಗುಂಟ ರಟ್ಟು ಸುಲಭವಾಗಿ ಬಾಗುತ್ತದೆ ಎಂಬುದನ್ನು ಹಲವು ಪೆಟ್ಟಿಗೆಗಳನ್ನು ಹಾಳುಮಾಡಿ ಕಲಿತೆ. ತೊಂದರೆಯಿರುವುದು ಮೇಲ್ಮೈಯಲ್ಲಿ. ಮೈದಾ ಅಂಟಿನಿಂದ ಪತ್ರಿಕೆಯ ಚೂರುಗಳನ್ನು ಏಳು ಪದರ ಅಂಟಿಸಿದ ಮುಖವು ಹೊರಗೆ ಒಣಗಿದಂತೆ ಕಂಡರೂ, ಆಟಿ ತಿಂಗಳ ಮಳೆಯಲ್ಲಿ ಗಲ್ಲದ ಭಾಗ ಹುಳಿವಾಸನೆ ಬಂದು, ಬೂದುಬಣ್ಣದ ಬೂಸು ಹಿಡಿದು, ಬೆರಳೊತ್ತಿದರೆ ತಗ್ಗು ಬೀಳುವಷ್ಟು ಮೆತ್ತಗಾಯಿತು.

ಅಂಟಿಗೆ ಮೈಲುತುತ್ತು (ತೋಟಕ್ಕೆ ಸಿಂಪಡಿಸುವ ಔಷಧಕ್ಕೆ ಬಳಸುವ ತಾಮ್ರದ ಸಲ್ಫೇಟ್) ಬೆರೆಸಿದರೆ ಬೂಸು ಮತ್ತು ಹುಳ ದೂರವಿರುತ್ತವೆ ಎನ್ನುತ್ತಾರೆ. ಅಡಿಕೆ ತೋಟದವರಾದ ನಮ್ಮ ಮನೆಯಲ್ಲಿ ಅದಕ್ಕೆ ಕೊರತೆಯಿಲ್ಲ! ಆದರೆ ಅದು ವಿಷ, ಬೀದಿಯಲ್ಲಿ ಮಕ್ಕಳು ಮುಟ್ಟದೆ ಬಿಡುವುದಿಲ್ಲ. ಇದಕ್ಕೆ ಬದಲಾಗಿ ಏನು ಬಳಸಬಹುದು? ಎಣ್ಣೆಯ ವಾರ್ನಿಷ್ ಬಳಿಯುವ ಮುನ್ನ ಒಳಪದರ ಪೂರ್ತಿ ಒಣಗಿದೆಯೆಂದು ತಿಳಿಯುವುದು ಹೇಗೆ? ಪ್ಲಾಸ್ಟಿಕ್ ರಾಳದ ಲೇಪ ಬೇಡ, ಏಕೆಂದರೆ ಕೊನೆಗೆ ಈ ಕಾಗದ ಮತ್ತೆ ಗುಜರಿಗೆ ಹೋಗುವಂತಿರಬೇಕು. ಕರಾವಳಿಯ ತೇವದಲ್ಲಿ ಸ್ವತಃ ಮಾಡಿ ನೋಡಿದವರು ದಯವಿಟ್ಟು ಅಳತೆ ಸಹಿತ ತಿಳಿಸಬೇಕಾಗಿ ವಿನಂತಿ.