ಹಂಗೇರಿಯ ಟೂರ್ಕೆವೆ ಮತ್ತು ಕೋರ್ಡಾ ಸಹೋದರರು: ಒಂದು ಸಣ್ಣ ಊರಿನಿಂದ ಮೂವರು ಚಿತ್ರಕರ್ಮಿಗಳು ಹೇಗೆ ಬಂದರು?

ಪ್ರಶ್ನೆ: ಹಳೆಪರದೆ

ಬ್ರಿಟಿಷ್ ಚಲನಚಿತ್ರದ 1930ರ ದಶಕದ ಚರಿತ್ರೆಯನ್ನು ಓದುತ್ತಿರುವಾಗ ಟೂರ್ಕೆವೆ ಎಂಬ ಹಂಗೇರಿಯ ಊರಿನ ಹೆಸರು ಮೇಲಿಂದ ಮೇಲೆ ಎದುರಾಗುತ್ತಿದೆ. ನಿರ್ಮಾಪಕ ಮತ್ತು ನಿರ್ದೇಶಕ ಅಲೆಕ್ಸಾಂಡರ್ ಕೋರ್ಡಾ, ನಿರ್ದೇಶಕ ಜೋಲ್ಟಾನ್ ಕೋರ್ಡಾ, ಕಲಾ ನಿರ್ದೇಶಕ ವಿನ್ಸೆಂಟ್ ಕೋರ್ಡಾ, ಈ ಮೂವರು ಅಣ್ಣತಮ್ಮಂದಿರೂ ಆ ಊರಿನ ಪರಿಸರದಲ್ಲಿ ಹುಟ್ಟಿ ಬೆಳೆದವರು. ಇಂದು ಹತ್ತು ಸಾವಿರಕ್ಕಿಂತ ಕಡಿಮೆ ಜನಸಂಖ್ಯೆಯ, ಬಯಲುಸೀಮೆಯ ನಡುವಿನ ಒಂದು ಒಕ್ಕಲುತನದ ಊರು ಲಂಡನ್ನಿನ ಚಿತ್ರೋದ್ಯಮಕ್ಕೆ ಇಂಥ ಮೂವರನ್ನು ಕೊಟ್ಟದ್ದು ಹೇಗೆ? ಅಲ್ಲಿ ನಾಟಕದ ಪರಂಪರೆಯೇನಾದರೂ ಇತ್ತೇ, ಅಥವಾ ಊರು ಕೇವಲ ಜನ್ಮಸ್ಥಳವಾಗಿದ್ದು ಉಳಿದದ್ದೆಲ್ಲ ಹೊರಗೆ ನಡೆಯಿತೇ? ನಮ್ಮ ಮೈಸೂರಿನ ಬಾಲನಟ ಸಾಬು ಇವರ ಚಿತ್ರಗಳಲ್ಲಿಯೇ ಬೆಳಕಿಗೆ ಬಂದನೆಂಬುದನ್ನು ಬಲ್ಲೆ. ಆ ಸಂಬಂಧದ ಬಗೆಗೂ ತಿಳಿದವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಉತ್ತರ: ರಂಗಸಾಲು

ನಿಮ್ಮ ಪ್ರಶ್ನೆಯ ಎರಡನೆಯ ಭಾಗದಲ್ಲಿಯೇ ಉತ್ತರವಿದೆ ಎಂದು ನನಗೆ ತೋರುತ್ತದೆ. ಟೂರ್ಕೆವೆ ಅವರಿಗೆ ಬಾಲ್ಯವನ್ನು ಕೊಟ್ಟಿತು. ಅವರನ್ನು ಕಲಾವಿದರನ್ನಾಗಿ ಮಾಡಿದ್ದು ಆ ಊರನ್ನು, ಆಮೇಲೆ ಆ ದೇಶವನ್ನೇ ಬಿಡಬೇಕಾಗಿ ಬಂದ ಪರಿಸ್ಥಿತಿ.

ಊರಿರುವುದು ಹಂಗೇರಿಯ ಮಹಾಬಯಲಿನಲ್ಲಿ, ಇಂದಿನ ಯಾಸ್-ನಾಗಿಕುನ್-ಸೊಲ್ನೊಕ್ ಜಿಲ್ಲೆಯಲ್ಲಿ. ಅಲೆಕ್ಸಾಂಡರ್ ಹುಟ್ಟಿದ್ದು 1893ರ ಸೆಪ್ಟೆಂಬರ್ 16ರಂದು, ಟೂರ್ಕೆವೆಗೆ ಹೊಂದಿಕೊಂಡ ಪುಸ್ತಾತೂರ್‌ಪಾಸ್ತೋ ಎಂಬ ಜಮೀನಿನ ವಸತಿಯಲ್ಲಿ. ಆಗ ಅವನ ಹೆಸರು ಶಾಂಡೋರ್ ಕೆಲ್ನರ್. ಜೋಲ್ಟಾನ್ 1895ರಲ್ಲಿ, ವಿನ್ಸೆಂಟ್ 1897ರಲ್ಲಿ ಹುಟ್ಟಿದರು. ಯೆಹೂದಿ ಕುಟುಂಬ, ತಂದೆ ದೊಡ್ಡ ಜಮೀನೊಂದರ ಮೇಲ್ವಿಚಾರಕನಾಗಿದ್ದ. ಜಮೀನು ಪರರದು, ಇವರದು ಅದನ್ನು ನೋಡಿಕೊಳ್ಳುವ ಕೆಲಸ ಮಾತ್ರ; ಹೀಗಾಗಿ ಹುಡುಗರು ಚಿಕ್ಕವರಿರುವಾಗಲೇ ತಂದೆ ತೀರಿಕೊಂಡಾಗ ಕುಟುಂಬಕ್ಕೆ ಅಲ್ಲಿ ಕಾಲೂರಲು ನೆಲವೇ ಉಳಿಯಲಿಲ್ಲ. ಹಿರಿಯ ಮಗ ಹದಿಹರೆಯದಲ್ಲಿಯೇ ಬುಡಾಪೆಸ್ಟಿಗೆ ಬಂದು ಪತ್ರಿಕೆಗಳಿಗೆ ಬರೆಯುತ್ತ ಮನೆಯ ಭಾರ ಹೊತ್ತ. ಕೋರ್ಡಾ ಎಂಬುದು ಅವನು ಆ ಕಾಲದಲ್ಲಿ ಇಟ್ಟುಕೊಂಡ ಬರವಣಿಗೆಯ ಹೆಸರು. ಅಣ್ಣನ ಲೇಖನನಾಮ ತಮ್ಮಂದಿರಿಗೂ ಮನೆತನದ ಹೆಸರಾದದ್ದು, ಆ ಕುಟುಂಬದಲ್ಲಿ ಅವನ ಸ್ಥಾನ ಎಂಥದಿತ್ತೆಂಬುದನ್ನು ತಿಳಿಸುತ್ತದೆ.

ರಂಗಭೂಮಿಯ ಪ್ರಭಾವ ಖಂಡಿತ ಇತ್ತು, ಆದರೆ ಅದು ಬಂದದ್ದು ಟೂರ್ಕೆವೆಯಿಂದಲ್ಲ, ಕೊಲೊಜ್‌ವಾರ್ ಎಂಬ ಪಟ್ಟಣದಿಂದ. ಈಗ ರೊಮೇನಿಯಾದಲ್ಲಿ ಕ್ಲೂಜ್ ಎಂದು ಕರೆಯಲ್ಪಡುವ ಆ ಪಟ್ಟಣದ ಹಂಗೇರಿಯನ್ ರಾಷ್ಟ್ರೀಯ ರಂಗಮಂದಿರವನ್ನು ನಡೆಸುತ್ತಿದ್ದ ಯೆನೊ ಯಾನೊವಿಚ್, 1913ರಿಂದೀಚೆಗೆ ತನ್ನ ನಟವರ್ಗವನ್ನು ಕ್ಯಾಮೆರಾದ ಮುಂದೆ ನಿಲ್ಲಿಸಿ ಚಿತ್ರಗಳನ್ನು ತಯಾರಿಸತೊಡಗಿದ್ದ. ರಂಗದ ಮೇಲೆ ಪಳಗಿದ ನಟರು, ಪ್ರೇಕ್ಷಕರಿಗೆ ಚಿರಪರಿಚಿತವಾದ ನಾಟಕ ಮತ್ತು ಕಾದಂಬರಿಗಳ ಕಥೆ, ಅಚ್ಚುಕಟ್ಟಾದ ವೇಷಭೂಷಣ, ಇವು ಅವನ ಬಂಡವಾಳವಾಗಿದ್ದವು. 1916ರಲ್ಲಿ ಅವನ ಕೊರ್ವಿನ್ ಸಂಸ್ಥೆಯನ್ನು ಸೇರಿದ ಅಲೆಕ್ಸಾಂಡರ್, ಮರುವರ್ಷವೇ ಅದನ್ನು ಕೊಂಡುಕೊಂಡು ಬುಡಾಪೆಸ್ಟಿಗೆ ಸ್ಥಳಾಂತರಿಸಿದ. ಯೋಕಾಯಿ ಮೋರ್ ಎಂಬ ಜನಪ್ರಿಯ ಕಾದಂಬರಿಕಾರನ ಕೃತಿಯನ್ನು ಆಧರಿಸಿ ಅವನು 1918ರಲ್ಲಿ ಮಾಡಿದ ‘ಅಜ್ ಅರಾನ್ಯೆಂಬೆರ್’ ಮಾತ್ರ ನಮ್ಮ ಅದೃಷ್ಟಕ್ಕೆ ಉಳಿದುಬಂದಿದೆ. ಹಂಗೇರಿಯಲ್ಲಿ ಅವನು ಮಾಡಿದ ಉಳಿದ ಮೂಕಚಿತ್ರಗಳಲ್ಲಿ ಹೆಚ್ಚಿನವು ನಾಶವಾಗಿವೆ. ಇದು ನನಗೆ ಬಹಳ ಸಂಕಟದ ಸಂಗತಿ, ಏಕೆಂದರೆ ಮೂವತ್ತರ ದಶಕದಲ್ಲಿ ಲಂಡನ್ನಿನಲ್ಲಿ ಕಾಣಿಸುವ ಅವನ ಕೈಚಳಕ ಯಾವ ಗರಡಿಯಲ್ಲಿ ತಯಾರಾಯಿತೆಂಬುದನ್ನು ಕಣ್ಣಾರೆ ನೋಡುವ ಅವಕಾಶವೇ ನಮಗಿಲ್ಲ.

1919ರಲ್ಲಿ ಹಂಗೇರಿಯ ಅಲ್ಪಾಯುಷಿ ಸೋವಿಯತ್ ಗಣರಾಜ್ಯ ಚಿತ್ರೋದ್ಯಮವನ್ನು ರಾಷ್ಟ್ರೀಕರಣ ಮಾಡಿದಾಗ ಅವನು ಅದರೊಂದಿಗೆ ಕೆಲಸ ಮಾಡಿದ. ಆ ಸರಕಾರ ಬಿದ್ದು ಕಮ್ಯುನಿಸ್ಟ್ ವಿರೋಧಿ ನಾಯಕ ಹೊರ್ತಿಯ ಪಕ್ಷದವರು ಅಧಿಕಾರಕ್ಕೆ ಬಂದ ಮೇಲೆ ಬಂಧನಕ್ಕೊಳಗಾಗಿ, ಬಿಡುಗಡೆಯಾದೊಡನೆ ಪತ್ನಿ, ನಟಿ ಮಾರಿಯಾ ಕೊರ್ಡಾಳೊಂದಿಗೆ ವಿಯೆನ್ನಾಕ್ಕೆ ಹೊರಟುಹೋದ. ಮುಂದೆ ಬರ್ಲಿನ್, ಹಾಲಿವುಡ್, ಪ್ಯಾರಿಸ್, ಕೊನೆಗೆ ಲಂಡನ್. ಪ್ಯಾರಿಸಿನಲ್ಲಿ 1931ರಲ್ಲಿ ಮಾಡಿದ ‘ಮಾರಿಯುಸ್’ ಚಿತ್ರವನ್ನು ರಂಗಾಸಕ್ತರು ತಪ್ಪದೆ ನೋಡಬೇಕು. ಮಾರ್ಸೆಲ್ ಪಾನ್ಯೋಲನ ನಾಟಕವನ್ನು ಆಧರಿಸಿದ ಆ ಚಿತ್ರಕ್ಕೆ, ರಂಗದ ಮೇಲೆ ಆ ಪಾತ್ರಗಳನ್ನು ಮಾಡುತ್ತಿದ್ದ ರೈಮ್ಯೂ, ಪಿಯರ್ ಫ್ರೆನೆ, ಒರಾನ್ ದೆಮಾಜಿಸ್ ಅವರನ್ನೇ ಉಳಿಸಿಕೊಳ್ಳಲಾಗಿತ್ತು. ಸಂಭಾಷಣೆಯ ಚಿತ್ರಗಳು ಇನ್ನೂ ಮೊದಲ ಹೆಜ್ಜೆಗಳನ್ನು ಇಡುತ್ತಿದ್ದ ಆ ಕಾಲದಲ್ಲಿ, ನಟರ ಮಾತಿನ ಲಯಕ್ಕೆ ಕ್ಯಾಮೆರಾ ಅಡ್ಡಬರದಂತೆ ನೋಡಿಕೊಂಡ ಆ ಸಂಯಮ ಕೊಲೊಜ್‌ವಾರಿನ ಶಿಕ್ಷಣದಿಂದ ಬಂದದ್ದೆಂದು ನಾನು ನಂಬಿದ್ದೇನೆ.

1932ರಲ್ಲಿ ಅಲೆಕ್ಸಾಂಡರನ ಚಿತ್ರಸಂಸ್ಥೆ ಲಂಡನ್ ಫಿಲ್ಮ್ಸ್ ಸ್ಥಾಪನೆಯಾಯಿತು. ಮರುವರ್ಷ ಬಂದ ‘ದಿ ಪ್ರೈವೇಟ್ ಲೈಫ್ ಆಫ್ ಹೆನ್ರಿ ದಿ ಏಯ್ತ್’ ಚಾರ್ಲ್ಸ್ ಲಾಟನ್‌ಗೆ ಆಸ್ಕರ್ ತಂದುಕೊಟ್ಟಿತು. ಆ ಯಶಸ್ಸಿನ ಬಲದಿಂದ ವಿಮಾ ಕಂಪನಿಯ ಹಣ ದೊರೆತು, 1936ರಲ್ಲಿ ಡೆನ್‌ಹ್ಯಾಮ್ ಸ್ಟುಡಿಯೋ ತೆರೆಯಿತು. 1942ರಲ್ಲಿ ಅಲೆಕ್ಸಾಂಡರ್‌ಗೆ ಸರ್ ಪದವಿಯೂ ಬಂತು.

ಒಂದು ಮಾತನ್ನು ಸೇರಿಸುತ್ತೇನೆ. ಸಣ್ಣ ಊರಿನಿಂದ ಹೊರಟು ಚಿತ್ರರಂಗವನ್ನು ಕಟ್ಟಿದ ಹಂಗೇರಿಯನ್ನರಲ್ಲಿ ಇವರೇ ಮೊದಲಿಗರಲ್ಲ. ಪ್ಯಾರಾಮೌಂಟಿನ ಅಡಾಲ್ಫ್ ಜೂಕರ್ ರಿಚೆ ಎಂಬ ಹಳ್ಳಿಯವನು. ಫಾಕ್ಸ್ ಸಂಸ್ಥೆಯ ವಿಲಿಯಂ ಫಾಕ್ಸ್ ಹುಟ್ಟಿದ್ದು ತೊಲ್ಚ್ವಾದಲ್ಲಿ. ಆದರೆ ಅವರಿಬ್ಬರೂ ಎಳೆಯ ವಯಸ್ಸಿನಲ್ಲಿಯೇ ಅಮೆರಿಕೆಗೆ ಹೋಗಿ ಅಲ್ಲಿ ವ್ಯಾಪಾರಿಗಳಾಗಿ ಬೆಳೆದರು. ಕೋರ್ಡಾಗಳು ಹಂಗೇರಿಯ ಪತ್ರಿಕೆ, ರಂಗಭೂಮಿ, ಚಿತ್ರಕಲೆಗಳಲ್ಲಿ ಪಳಗಿ ಹೊರಟವರು, ಆದ್ದರಿಂದ ಅವರ ಕತೆಯೇ ಬೇರೆ.

ಉತ್ತರ: ಕಬಿನಿತೀರ

ಸಾಬುವಿನ ಬಗೆಗೆ ಕೇಳಿದ್ದೀರಿ. ಸಾಬು ದಸ್ತಗೀರ್ 1924ರಲ್ಲಿ ಹುಟ್ಟಿದ್ದು ಮೈಸೂರು ಸಂಸ್ಥಾನದ ಕಾರಾಪುರದಲ್ಲಿ, ಇಂದಿನ ಎಚ್.ಡಿ. ಕೋಟೆ ತಾಲ್ಲೂಕಿನ ಕಾಡಂಚಿನಲ್ಲಿ. ತಂದೆ ಮಹಾರಾಜರ ಆನೆಗಳ ಮಾವುತನಾಗಿದ್ದ. ತಂದೆಯನ್ನು ಕಳೆದುಕೊಂಡ ಹುಡುಗ ಮೈಸೂರಿನ ಆನೆಲಾಯದ ಆಶ್ರಯದಲ್ಲಿ ಬೆಳೆಯುತ್ತಿದ್ದ. ಕಿಪ್ಲಿಂಗನ ಆನೆ ಹುಡುಗನ ಕತೆಯನ್ನು ಚಿತ್ರ ಮಾಡಲು ಅಲೆಕ್ಸಾಂಡರ್ ಕೋರ್ಡಾ ಕಳುಹಿಸಿದ್ದ ಸಾಕ್ಷ್ಯಚಿತ್ರಕಾರ ರಾಬರ್ಟ್ ಫ್ಲಾಹರ್ಟಿಯ ತಂಡದ ಕಣ್ಣಿಗೆ ಅವನು ಬಿದ್ದದ್ದು ಅಲ್ಲಿಯೇ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ. ಆನೆಗಳು, ಮಾವುತರು, ಕಾಡು, ಎಲ್ಲವನ್ನೂ ಸಂಸ್ಥಾನ ಒದಗಿಸಿಕೊಟ್ಟಿತು. ಖೆಡ್ಡಾದಲ್ಲಿ ಕಾಡಾನೆಗಳ ಹಿಂಡನ್ನು ನದಿಯತ್ತ ಅಟ್ಟುವ ದೃಶ್ಯಗಳನ್ನು ಅಲ್ಲಿಯೇ ಚಿತ್ರಿಸಲಾಯಿತು.

ಫ್ಲಾಹರ್ಟಿ ನಿಧಾನಿ. ಕಾಡನ್ನೂ ಆನೆಯನ್ನೂ ಹುಡುಗನನ್ನೂ ತಾಳ್ಮೆಯಿಂದ ಚಿತ್ರಿಸುತ್ತ ಹೋದನೇ ಹೊರತು, ಕತೆಗೆ ಬೇಕಾದ ಮಾತಿನ ದೃಶ್ಯಗಳು ಸಾಕಷ್ಟು ಸಿದ್ಧವಾಗಲಿಲ್ಲ. ಆಗ ಹುಡುಗನನ್ನು ಅವನ ಅಣ್ಣನೊಂದಿಗೆ ಲಂಡನ್ನಿಗೆ ಕರೆಸಿಕೊಂಡು, ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಜೋಲ್ಟಾನ್ ಕೋರ್ಡಾ ಉಳಿದ ಭಾಗವನ್ನು ಪೂರ್ಣಗೊಳಿಸಿದ. ‘ಎಲಿಫೆಂಟ್ ಬಾಯ್’ 1937ರಲ್ಲಿ ತೆರೆಕಂಡು, ವೆನಿಸ್ ಚಿತ್ರೋತ್ಸವದಲ್ಲಿ ಇಬ್ಬರು ನಿರ್ದೇಶಕರಿಗೂ ಪ್ರಶಸ್ತಿ ಬಂತು. ಎರಡು ಕೈಗಳ ಕೆಲಸ ಚಿತ್ರದಲ್ಲಿ ಎದ್ದು ಕಾಣುತ್ತದೆ. ಮೊದಲಿಗೆ ರುಮಾಲು ಸುತ್ತಿದ ಹುಡುಗ ನೇರವಾಗಿ ನಮ್ಮನ್ನು ನೋಡುತ್ತ, ತಡೆತಡೆದು ಬರುವ ಇಂಗ್ಲಿಷಿನಲ್ಲಿ ತನ್ನ ಕತೆಯನ್ನು ಹೇಳತೊಡಗುತ್ತಾನೆ. ಸ್ಟುಡಿಯೋದ ದೃಶ್ಯಗಳಲ್ಲಿ ಕಂದು ಬಣ್ಣ ಬಳಿದುಕೊಂಡ ಬ್ರಿಟಿಷ್ ನಟರು ಮಾತನಾಡುವಾಗ ಕೃತಕವೆನಿಸುತ್ತದೆ. ಆದರೆ ಕ್ಯಾಮೆರಾ ಮೈಸೂರಿಗೆ ಮರಳಿ, ಸಾಬು ಸೊಂಡಿಲನ್ನು ಹಿಡಿದು ಆನೆಯ ನೆತ್ತಿಗೆ ಹತ್ತಿ ಕಿವಿಗಳ ಹಿಂದೆ ಕಾಲಿಟ್ಟು ಕುಳಿತನೆಂದರೆ, ಅಭಿನಯದ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಮಾವುತನ ಮಗ ಮನೆಯ ಮೆಟ್ಟಿಲು ಹತ್ತುವಂತೆ ಹತ್ತುತ್ತಾನೆ.

ಸಾಬು ಕೋರ್ಡಾಗಳ ನಾಲ್ಕು ಚಿತ್ರಗಳಲ್ಲಿ ನಟಿಸಿದ: ‘ಎಲಿಫೆಂಟ್ ಬಾಯ್’, ‘ದಿ ಡ್ರಮ್’, ‘ದಿ ಥೀಫ್ ಆಫ್ ಬಗ್ದಾದ್’ ಮತ್ತು ‘ಜಂಗಲ್ ಬುಕ್’. ಆಮೇಲೆ ಅಮೆರಿಕದ ಪೌರನಾಗಿ, ಎರಡನೆಯ ಮಹಾಯುದ್ಧದಲ್ಲಿ ಬಾಂಬರ್ ವಿಮಾನದ ಗನ್ನರ್ ಆಗಿ ಸೇವೆ ಸಲ್ಲಿಸಿ ಪದಕ ಪಡೆದ. ಯುದ್ಧದ ನಂತರ ಅವನಿಗೆ ತಕ್ಕ ಪಾತ್ರಗಳು ಸಿಗಲಿಲ್ಲ. 1963ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡ. ಮೈಸೂರು ಸೀಮೆಯ ಒಬ್ಬ ಹುಡುಗ ಜಗತ್ತಿನ ಚಿತ್ರಮಂದಿರಗಳಲ್ಲಿ ಹೆಸರಾದದ್ದಕ್ಕೆ ತಕ್ಕ ನೆನಪು ನಮ್ಮಲ್ಲಿ ಉಳಿದಿಲ್ಲವೆಂಬುದು ನನ್ನ ನೋವು.

ಉತ್ತರ: ಸಮಗ್ರವಾಚಕ

ಮೇಲಿನ ಎರಡೂ ಉತ್ತರಗಳು ಮೌಲಿಕವಾಗಿವೆ, ಆದರೆ ಒಂದು ವಿಷಯವನ್ನು ಬಿಟ್ಟು ಈ ಚರ್ಚೆ ಪೂರ್ಣವಾಗದು. ಈ ಚಿತ್ರಗಳಲ್ಲಿ ಹಲವು ಬ್ರಿಟಿಷ್ ಸಾಮ್ರಾಜ್ಯವನ್ನು ಕೊಂಡಾಡುವಂಥವು. 1938ರಲ್ಲಿ ಜೋಲ್ಟಾನ್ ನಿರ್ದೇಶಿಸಿದ ‘ದಿ ಡ್ರಮ್’ ಬಂದಾಗ ಮುಂಬಯಿ, ಮದ್ರಾಸುಗಳಲ್ಲಿ ಪ್ರತಿಭಟನೆಗಳು ನಡೆದು ಪ್ರದರ್ಶನವನ್ನು ನಿಲ್ಲಿಸಬೇಕಾಯಿತು. ವಾಯವ್ಯ ಗಡಿನಾಡಿನ ಜನರನ್ನು ಒಳಸಂಚುಗಾರರೆಂದೂ ಬ್ರಿಟಿಷ್ ಸೈನ್ಯವನ್ನು ರಕ್ಷಕರೆಂದೂ ತೋರಿಸಿದ ಆ ಚಿತ್ರದಲ್ಲಿ ಬ್ರಿಟಿಷರಿಗೆ ನೆರವಾಗುವ ರಾಜಕುಮಾರನಾಗಿ ನಟಿಸಿದವನು ನಮ್ಮ ಸಾಬುವೇ. ಅದಕ್ಕೂ ಮೊದಲು, 1935ರ ‘ಸ್ಯಾಂಡರ್ಸ್ ಆಫ್ ದಿ ರಿವರ್’ ಚಿತ್ರದಲ್ಲಿ ಆಫ್ರಿಕದ ಸಂಸ್ಕೃತಿಯನ್ನು ಗೌರವದಿಂದ ಕಾಣಿಸುತ್ತಾರೆಂಬ ನಂಬಿಕೆಯಿಂದ ನಟಿಸಿದ ಅಮೆರಿಕದ ಕಪ್ಪು ಗಾಯಕ-ನಟ ಪಾಲ್ ರೋಬ್ಸನ್, ಸಿದ್ಧವಾದ ಚಿತ್ರದಲ್ಲಿ ವಸಾಹತು ಆಡಳಿತದ ಸ್ತುತಿಯನ್ನು ಕಂಡು ಅದನ್ನು ಬಹಿರಂಗವಾಗಿ ತಿರಸ್ಕರಿಸಿದರು.

ಆದರೂ ಮೂವರು ಸಹೋದರರನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ತನ್ನನ್ನು ಹೊರಗೆ ಹಾಕಿದ ದೇಶವೊಂದನ್ನು ಕಂಡಿದ್ದ ಅಲೆಕ್ಸಾಂಡರ್, ತನಗೆ ಆಶ್ರಯ ಕೊಟ್ಟ ಬ್ರಿಟನ್ನಿನ ಬಗೆಗೆ ಅಪಾರ ಅಭಿಮಾನವಿಟ್ಟುಕೊಂಡಿದ್ದ, ಮತ್ತು ಆ ಅಭಿಮಾನ ಅವನಿಗೆ ಸಾಮ್ರಾಜ್ಯದ ಇನ್ನೊಂದು ಮುಖವನ್ನು ನೋಡಗೊಡಲಿಲ್ಲ. ಜೋಲ್ಟಾನನ ಒಲವು ಆಳಿಸಿಕೊಳ್ಳುವವರ ಕಡೆಗಿತ್ತು, ಮತ್ತು ಈ ಚಿತ್ರಗಳ ಬಗೆಗೆ ಅಣ್ಣತಮ್ಮಂದಿರ ನಡುವೆ ತೀವ್ರ ಭಿನ್ನಾಭಿಪ್ರಾಯಗಳಿದ್ದವು. ಅವನು ನಿಜಕ್ಕೂ ಏನು ಹೇಳಬೇಕೆಂದಿದ್ದನೆಂಬುದು ತಿಳಿಯಬೇಕಾದರೆ 1951ರ ‘ಕ್ರೈ, ದಿ ಬಿಲವೆಡ್ ಕಂಟ್ರಿ’ ನೋಡಬೇಕು. ಅಲನ್ ಪೇಟನ್ನರ ಕಾದಂಬರಿಯನ್ನು ಆಧರಿಸಿ, ವರ್ಣಭೇದ ನೀತಿ ಕಾನೂನಾಗುತ್ತಿದ್ದ ದಕ್ಷಿಣ ಆಫ್ರಿಕಕ್ಕೇ ಹೋಗಿ ಅದನ್ನು ಚಿತ್ರಿಸಿದ. ಕಪ್ಪು ನಟರಾದ ಕೆನಡಾ ಲೀ ಮತ್ತು ಸಿಡ್ನಿ ಪಾಟಿಯೇ ಅವರನ್ನು ಆ ದೇಶದೊಳಗೆ ಕರೆತರಲು, ಅವರು ಕರಾರಿನ ಮೇಲೆ ತನ್ನ ಬಳಿ ದುಡಿಯುವ ಆಳುಗಳೆಂದು ಅಧಿಕಾರಿಗಳಿಗೆ ಹೇಳಬೇಕಾಯಿತು. ಮಗನನ್ನು ಹುಡುಕಿಕೊಂಡು ಹಳ್ಳಿಯಿಂದ ಜೋಹಾನ್ಸ್‌ಬರ್ಗ್‌ಗೆ ಬರುವ ಪಾದ್ರಿಯ ಪಾತ್ರದಲ್ಲಿ ಕೆನಡಾ ಲೀ ತೋರಿದ ಘನತೆಯನ್ನು ಕಂಡವರು, ‘ದಿ ಡ್ರಮ್’ ಒಂದರಿಂದಲೇ ಜೋಲ್ಟಾನನನ್ನು ಅಳೆಯಲಾರರು.

ಪ್ರತಿಕ್ರಿಯೆ: ಹಳೆಪರದೆ

ಮೂವರಿಗೂ ಕೃತಜ್ಞತೆಗಳು. ವಿನ್ಸೆಂಟನ ವಿಷಯ ಮಾತ್ರ ಇನ್ನೂ ಬಂದಿಲ್ಲ. ಕಲಾ ನಿರ್ದೇಶಕನ ಕೆಲಸವನ್ನು ಚಿತ್ರದಲ್ಲಿ ಎಲ್ಲಿ ಗುರುತಿಸಬೇಕೆಂಬುದನ್ನು ಒಂದೆರಡು ಉದಾಹರಣೆಗಳಿಂದ ತಿಳಿಸಬಲ್ಲಿರಾ?

ಉತ್ತರ: ರಂಗಸಾಲು

ಸಂತೋಷದಿಂದ, ಏಕೆಂದರೆ ಮೂವರಲ್ಲಿ ನನಗೆ ಹೆಚ್ಚು ಪ್ರಿಯನಾದವನು ಅವನೇ. ವಿನ್ಸೆಂಟ್ ಮೂಲತಃ ವರ್ಣಚಿತ್ರಕಾರ. ದಕ್ಷಿಣ ಫ್ರಾನ್ಸಿನಲ್ಲಿ ಚಿತ್ರ ಬರೆದುಕೊಂಡು ನೆಮ್ಮದಿಯಿಂದಿದ್ದವನನ್ನು ‘ಮಾರಿಯುಸ್’ ಚಿತ್ರದ ಸೆಟ್ಟುಗಳಿಗಾಗಿ ಅಣ್ಣ ಕರೆಸಿಕೊಂಡ. ಅಲ್ಲಿಂದ ಅವನು ಚಿತ್ರರಂಗವನ್ನು ಬಿಟ್ಟು ಹೋಗಲಾಗಲಿಲ್ಲ. ಹೆನ್ರಿಯ ಚಿತ್ರಕ್ಕೆ ದೊರೆತ ಹಣ ಕಡಿಮೆ, ಆದರೆ ಅರಮನೆ ಬಡವಾಗಿ ಕಾಣಬಾರದು. ಇಡೀ ಸಭಾಂಗಣವನ್ನು ಕಟ್ಟುವ ಬದಲು ಒಂದು ಗೋಡೆ, ಒಂದು ಕಿಟಕಿ, ಒಂದು ದೊಡ್ಡ ಮೇಜಿನಿಂದಲೇ ಉಳಿದದ್ದನ್ನು ಪ್ರೇಕ್ಷಕ ಊಹಿಸಿಕೊಳ್ಳುವಂತೆ ಮಾಡುವುದು ರಂಗಸಜ್ಜಿಕೆಯವರಿಗೆ ಚೆನ್ನಾಗಿ ಗೊತ್ತಿರುವ ವಿದ್ಯೆ, ಮತ್ತು ಆ ವಿದ್ಯೆ ಅವನ ಕೈಯಲ್ಲಿತ್ತು.

ಎಚ್.ಜಿ. ವೆಲ್ಸ್ ಬರೆದ ‘ಥಿಂಗ್ಸ್ ಟು ಕಮ್’ ಚಿತ್ರದಲ್ಲಿ (1936) ಇದಕ್ಕೆ ವಿರುದ್ಧವಾದ ಕೆಲಸ: ಒಂದೇ ನಗರವನ್ನು ಯುದ್ಧಕ್ಕೆ ಮೊದಲು, ಪಾಳುಬಿದ್ದ ಮೇಲೆ, ಭವಿಷ್ಯದಲ್ಲಿ, ಹೀಗೆ ಮೂರು ಅವಸ್ಥೆಗಳಲ್ಲಿ ತೋರಿಸಬೇಕಾಗಿತ್ತು. ಪಾಳು ನಗರದ ಭಾಗ ನನಗೆ ಇಂದಿಗೂ ಅತ್ಯಂತ ಸಮರ್ಥವೆನಿಸುತ್ತದೆ. ಭವಿಷ್ಯದ ಬಿಳಿಯ ನಗರ ಅಷ್ಟು ಮನಸ್ಸಿಗೆ ಹತ್ತುವುದಿಲ್ಲ.

‘ದಿ ಥೀಫ್ ಆಫ್ ಬಗ್ದಾದ್’ ಚಿತ್ರಕ್ಕೆ (1940) ಅವನಿಗೆ ಆಸ್ಕರ್ ಬಂತು. ಅದರ ಮೊದಲ ದೃಶ್ಯವನ್ನೇ ಗಮನಿಸಿ: ಬಸ್ರಾದ ಬಂದರಿಗೆ ಬರುವ ಹಡಗಿನ ಕೆಂಪು ಹಾಯಿ, ಅದರ ಮೂತಿಯ ಮೇಲೆ ಬರೆದ ದೊಡ್ಡ ಕಣ್ಣು, ಹಿಂದಿನ ಗಾಢ ನೀಲಿ. ಬಣ್ಣದ ಚಿತ್ರಗಳು ಹೊಸದಾಗಿದ್ದ ಕಾಲದಲ್ಲಿ ಸಿಕ್ಕ ಬಣ್ಣವನ್ನೆಲ್ಲ ತೆರೆಯ ಮೇಲೆ ಸುರಿಯುವ ಚಟ ಹಲವರಿಗಿತ್ತು. ಇಲ್ಲಿ ಪ್ರತಿ ದೃಶ್ಯಕ್ಕೂ ಎರಡು ಮೂರು ಬಣ್ಣಗಳನ್ನು ಆಯ್ದುಕೊಂಡು ಉಳಿದವನ್ನು ಹಿಂದೆ ಸರಿಸಿದ ವರ್ಣಚಿತ್ರಕಾರನ ಕೈ ಕಾಣುತ್ತದೆ.

‘ದಿ ಥರ್ಡ್ ಮ್ಯಾನ್’ (1949) ಚಿತ್ರದಲ್ಲಿಯೂ ಸೆಟ್ಟುಗಳ ಹೊಣೆ ಅವನದೇ. ಅಲ್ಲಿ ಯುದ್ಧದಿಂದ ಜರ್ಜರಿತವಾದ ನಿಜವಾದ ವಿಯೆನ್ನಾದ ಬೀದಿಗಳೂ ಇಂಗ್ಲೆಂಡಿನ ಸ್ಟುಡಿಯೋದಲ್ಲಿ ಕಟ್ಟಿದ ಚರಂಡಿ ಸುರಂಗಗಳ ಭಾಗಗಳೂ ಒಂದರೊಳಗೊಂದು ಬೆರೆತಿವೆ, ಮತ್ತು ಎಷ್ಟು ಸಲ ನೋಡಿದರೂ ಹೊಲಿಗೆ ಎಲ್ಲಿದೆಯೆಂದು ಹೇಳುವುದು ಕಷ್ಟ. ನೀವು ಈ ಸಹೋದರರ ಚಿತ್ರಗಳನ್ನು ನೋಡಲು ತೊಡಗುವುದಾದರೆ ‘ಎಲಿಫೆಂಟ್ ಬಾಯ್’ ಮತ್ತು ‘ದಿ ಥರ್ಡ್ ಮ್ಯಾನ್’ ಎರಡನ್ನೂ ಹತ್ತಿರ ಹತ್ತಿರ ನೋಡಿರಿ. ಮೊದಲನೆಯದರಲ್ಲಿ ಮೈಸೂರಿನ ಕಾಡಿಗೂ ಡೆನ್‌ಹ್ಯಾಮ್ ಸ್ಟುಡಿಯೋಗೂ ನಡುವಿನ ಬಿರುಕು ಕಣ್ಣಿಗೆ ಹೊಡೆಯುತ್ತದೆ. ಹನ್ನೆರಡು ವರ್ಷಗಳ ನಂತರ, ಕ್ಯಾರಲ್ ರೀಡನ ನಿರ್ದೇಶನದ ಆ ಚಿತ್ರದಲ್ಲಿ, ಅಂಥ ಬಿರುಕನ್ನು ಹೇಗೆ ಮುಚ್ಚಬೇಕೆಂಬುದು ವಿನ್ಸೆಂಟನಿಗೆ ಕರತಲಾಮಲಕವಾಗಿದೆ.