ಸಹಾಯ ಬೇಕು: ಅಕೇಶಿಯಾ ಹೊಟ್ಟು ಸೇರಿದ ಮಣ್ಣಲ್ಲಿ ಹರಿವೆ ಹುಟ್ಟುತ್ತಿಲ್ಲ

ಶಿರಸಿ ಕಡೆಯ ಕೃಷಿಕರು ಯಾರಾದರೂ ಹೇಳಿ. ಹಿತ್ತಲಲ್ಲಿ ಅಕೇಶಿಯಾ ಮರ ಕೊಯ್ಸಿದ ಜಾಗದ ಮಣ್ಣಿಗೆ ಗರಗಸದ ಹೊಟ್ಟು, ತೊಗಟೆ ಸೇರಿದೆ. ಅಲ್ಲಿ ಹರಿವೆ ಹುಟ್ಟುತ್ತಲೇ ಇಲ್ಲ. ಅದೇ ಬೀಜ ತೋಟದ ಅಂಚಿನಲ್ಲಿ ಚೆನ್ನಾಗಿ ಬಂದಿದೆ.

ಮರದಲ್ಲಿರುವ ಟ್ಯಾನಿನ್, ಫೀನಾಲ್ ಎಂಬ ರಾಸಾಯನಿಕಗಳು ನೀರಲ್ಲಿ ಕರಗಿ ಮಣ್ಣಿಗಿಳಿದರೆ ಮೊಳಕೆಯನ್ನೂ ಎಳೆ ಬೇರನ್ನೂ ತಡೆಯುತ್ತವೆ. ಸಣ್ಣ ಬೀಜಕ್ಕೆ ಪೆಟ್ಟು ಜಾಸ್ತಿ. ಹಸಿ ಹೊಟ್ಟು ಕೊಳೆಯುವಾಗ ಮಣ್ಣಿನ ಸಾರಜನಕ ಎಳೆದುಕೊಳ್ಳುವುದೂ ನಿಜ. ಆದರೆ ಅದರಿಂದ ಸಸಿ ಹಳದಿಯಾಗಬೇಕು, ಮೊಳಕೆಯೇ ನಿಲ್ಲಬಾರದು, ಅಲ್ವಾ? ಕಾರಣ ಇದೇನಾ ಅಂತ ನೋಡಲು ಆ ಮಣ್ಣು ನೆನೆಸಿದ ನೀರಲ್ಲಿ ಒಂದಿಷ್ಟು ಹರಿವೆ ಬೀಜ, ಬಾವಿ ನೀರಲ್ಲಿ ಒಂದಿಷ್ಟು ಒದ್ದೆ ಹತ್ತಿಯ ಮೇಲೆ ಇಟ್ಟಿದ್ದೇನೆ.

ನಮ್ಮ ಮಳೆಗೆ ಈ ಟ್ಯಾನಿನ್ ಅಂಶ ತಾನಾಗಿ ತೊಳೆದು ಹೋಗುತ್ತದಾ? ಇಲ್ಲ, ಹೊಟ್ಟು ಬಳಿದು ಸಗಣಿ ಜೊತೆ ಕೊಳೆಸಬೇಕಾ? ಮಾಡಿ ನೋಡಿದವರು ಹೇಳಿ. ಸುಮ್ನೆ ಸುಣ್ಣ ಹಾಕಿ ಅನ್ನಬೇಡಿ.