ಕಾರ್ಡಿಫ್‌ನಲ್ಲಿ ಸನ್‌ಬೆಡ್ ಇರುವ ಪಾರ್ಲರ್ ವಹಿಸಿಕೊಳ್ಳುತ್ತಿದ್ದೇವೆ, ರೂಲ್ಸ್ ಏನೇನು?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ತಂಗಿ ವೇಲ್ಸ್‌ನ ಕಾರ್ಡಿಫ್‌ನಲ್ಲಿ ಒಂದು ಬ್ಯೂಟಿ ಪಾರ್ಲರ್ ವಹಿಸಿಕೊಳ್ಳುವ ಮಾತುಕತೆಯಲ್ಲಿದ್ದೇವೆ. ಥ್ರೆಡಿಂಗ್, ಫೇಶಿಯಲ್, ಮೆಹಂದಿ ಎಲ್ಲ ನಮಗೆ ಗೊತ್ತಿರುವ ಕೆಲಸ. ಆದರೆ ಒಳಗಿನ ಕೋಣೆಯಲ್ಲಿ ಎರಡು ಸನ್‌ಬೆಡ್ (ಮೈಬಣ್ಣ ಕಂದು ಮಾಡಿಕೊಳ್ಳಲು ಮಲಗುವ, ಯುವಿ ಅಂದರೆ ನೇರಳಾತೀತ ಬೆಳಕಿನ ಟ್ಯೂಬ್ ಇರುವ ಯಂತ್ರ) ಇವೆ. ಮಾರುವವರು "ಕಾಯಿನ್ ಮೀಟರ್ ಹಾಕಿಸಿಬಿಡಿ, ಯಾರೂ ಕೂರೋದೇ ಬೇಡ, ಸುಮ್ನೆ ದುಡ್ಡು ಬರುತ್ತೆ" ಅಂತಾರೆ. ಅಷ್ಟು ಸುಲಭನಾ? 18 ತುಂಬದವರಿಗೆ ಕೊಡಬಾರದು ಅನ್ನೋದು ಮಾತ್ರ ಗೊತ್ತು.

ನ್ಯೂಪೋರ್ಟ್ ನಿವಾಸಿ:
ಮೇಡಂ, ಮೊದಲು ಆ ಕಾಯಿನ್ ಮೀಟರ್ ಮಾತು ಬಿಡಿ. ಯಾರೂ ನೋಡಿಕೊಳ್ಳದೆ ಸನ್‌ಬೆಡ್ ನಡೆಸುವುದು ವೇಲ್ಸ್‌ನಲ್ಲಿ 2011ರ ಅಕ್ಟೋಬರ್ 31ರಿಂದಲೇ ತಪ್ಪು. 2009ರಲ್ಲಿ ಇಲ್ಲೇ ದಕ್ಷಿಣ ವೇಲ್ಸ್‌ನಲ್ಲಿ ಸಣ್ಣ ಹುಡುಗಿಯರು ಇಂಥ ಕಾಯಿನ್ ಅಂಗಡಿಗೆ ಹೋಗಿ ಮೈ ಸುಟ್ಟುಕೊಂಡು ದೊಡ್ಡ ಸುದ್ದಿಯಾಗಿತ್ತು. ಮಾರುವವರಿಗೆ ಇದು ಗೊತ್ತಿಲ್ಲ ಅಂದರೆ ನಾನಂತೂ ನಂಬಲ್ಲ.

18ರ ನಿಯಮ 2010ರ ಸನ್‌ಬೆಡ್ ಕಾಯ್ದೆಯದ್ದು, 2011ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಆಗ ದಂಡ 20,000 ಪೌಂಡ್‌ವರೆಗೆ ಅಂತ ಇಟ್ಟಿದ್ದರು. ಇದರಲ್ಲಿ ಜನ ಎಡವುವ ಒಂದು ಜಾಗ ಇದೆ. ಚಿಕ್ಕವರು ಬೆಡ್ ಬಳಸದಿದ್ದರೆ ಸಾಕು ಅಂದುಕೊಳ್ಳುತ್ತಾರೆ, ಆದರೆ ಅಮ್ಮ ಒಳಗೆ ಮಲಗಿದ್ದಾಗ 14ರ ಮಗಳು ಅದೇ ಕೋಣೆಯಲ್ಲಿ ಕೂತು ಮೊಬೈಲ್ ನೋಡ್ತಾ ಕಾಯುವ ಹಾಗೂ ಇಲ್ಲ. ಪಾರ್ಲರ್ ಅಂದಮೇಲೆ ತಾಯಿ-ಮಕ್ಕಳು ಜೊತೆಗೇ ಬರ್ತಾರೆ, ಅಲ್ವಾ? ಹಾಗಾಗಿ ಆ ಬಾಗಿಲ ಮೇಲೆ ಕಣ್ಣಿಡಬೇಕು, ವಯಸ್ಸಿನ ಬಗ್ಗೆ ಅನುಮಾನ ಬಂದರೆ ಐಡಿ ಕೇಳಬೇಕು.

ಕಣ್ಣಿಗೆ ಗಾಗಲ್ಸ್ ಇಡಬೇಕು, ಹಾಕಿಕೊಂಡರಾ ಅಂತ ನೋಡುವುದೂ ನಿಮ್ಮ ಜವಾಬ್ದಾರಿ. "ಕಣ್ಣು ಮುಚ್ಕೋತೀನಿ ಬಿಡಿ" ಅನ್ನುವವರು ಬಂದೇ ಬರ್ತಾರೆ. ರೆಪ್ಪೆ ಆ ಬೆಳಕನ್ನು ಪೂರ್ತಿ ತಡೆಯಲ್ಲ. ಅಪಾಯ ಏನೇನು ಅನ್ನುವ ಸರ್ಕಾರದ ಒಕ್ಕಣೆ ಗೋಡೆಗೂ ಹಾಕಬೇಕು, ಗಿರಾಕಿಯ ಕೈಗೂ ಕೊಡಬೇಕು. "ವಿಟಮಿನ್ ಡಿ ಸಿಗುತ್ತೆ, ಆರೋಗ್ಯಕ್ಕೆ ಒಳ್ಳೇದು" ಅಂತ ಹಳೆಯ ಪೋಸ್ಟರ್ ಏನಾದರೂ ಇದ್ದರೆ ಕಿತ್ತು ಹಾಕಿ.

ಲೆಸ್ಟರ್ ಲೋಕೇಶ:
ಇಂಗ್ಲೆಂಡಲ್ಲಿ ಕಾಯಿನ್ ಸನ್‌ಬೆಡ್‌ಗೆ ಆ 2010ರ ಕಾಯ್ದೆಯಲ್ಲಿ ನಿಷೇಧ ಇಲ್ಲ. ಅದಕ್ಕೇ ಇಂಗ್ಲೆಂಡಿನ ಬ್ರಿಸ್ಟಲ್ ಕಡೆಯವರ ಸಲಹೆ ಕಾರ್ಡಿಫ್‌ಗೆ ಹೊಂದಲ್ಲ. ಲಂಡನ್ ಆದರೆ ಎಷ್ಟೋ ಕೌನ್ಸಿಲ್‌ಗಳಲ್ಲಿ ಬೇರೆ ಲೈಸೆನ್ಸೇ ಬೇಕು.

ವೋಲ್ಟೇಜ್ ವೆಂಕಿ:
ಕಾಗದಪತ್ರ ಸರಿ, ಟ್ಯೂಬ್ ನೋಡಿದ್ರಾ? ಯುರೋಪಿನ ಮಾನದಂಡದ ಪ್ರಕಾರ ಚರ್ಮ ಕೆಂಪಾಗಿಸುವ ವಿಕಿರಣ ಚದರ ಮೀಟರಿಗೆ 0.3 ವಾಟ್ ದಾಟಬಾರದು. ಬಿಸಿಲಿನ ಯುವಿ ಎಷ್ಟು ತೀವ್ರ ಅಂತ ಹೇಳುವ ಯುವಿ ಇಂಡೆಕ್ಸ್ ಲೆಕ್ಕದಲ್ಲಿ ಅದು 12. ಬೆಂಗಳೂರಲ್ಲಿ ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ ಇರುತ್ತಲ್ಲ, ಹೆಚ್ಚುಕಡಿಮೆ ಅಷ್ಟು. ಅದೂ ಬಟ್ಟೆ ಇಲ್ಲದ ಮೈಗೆ, ಗೇಣಿನಷ್ಟು ಹತ್ತಿರದಿಂದ. ಯಾವುದೋ ಅಗ್ಗದ ಟ್ಯೂಬ್ ಹಾಕಿದ್ದರೆ ಇದನ್ನೂ ಮೀರಬಹುದು. ಇನ್ನೊಂದು, ಹಳೆ ಟ್ಯೂಬ್ ಶಕ್ತಿ ಕಳ್ಕೊಂಡಿರುತ್ತೆ. ಹೊಸದು ಹಾಕಿದ ದಿನವೇ ನಿಮಿಷ ಕಡಿಮೆ ಮಾಡದೆ ಹಳೇ ಗಿರಾಕಿಗೆ ಹಳೇ ಟೈಮೇ ಕೊಟ್ಟರೆ ಸುಟ್ಟುಕೊಂಡು ಏಳ್ತಾರೆ. ಮಾಡೆಲ್ ನಂಬರ್, ಟ್ಯೂಬ್ ಬದಲಿಸಿದ ದಿನ, ಅಳತೆ ಮಾಡಿಸಿದ ರಿಪೋರ್ಟ್ ಕೇಳಿ. ಮಲಗಿಕೊಂಡೇ ಎಮರ್ಜೆನ್ಸಿ ಸ್ಟಾಪ್ ಕೈಗೆ ಎಟುಕುತ್ತಾ, ಟೈಮರ್ ತಾನಾಗೇ ಆಫ್ ಆಗುತ್ತಾ, ನೀವೇ ನೋಡಿ.

ಹೊನ್ನಾವರದ ಹುಡುಗಿ:
ನನ್ನ ಸೋರಿಯಾಸಿಸ್‌ಗೆ (ಒಂದು ಚರ್ಮದ ಕಾಯಿಲೆ) ಚರ್ಮದ ಡಾಕ್ಟರ್ ಲೈಟ್ ಥೆರಪಿ ಕೊಟ್ಟಿದ್ದರು. ಅದೂ ಇದೂ ಒಂದೇ ಅಲ್ವಾ? ಅಷ್ಟೊಂದು ಹೆದರಬೇಕಾ?

ನ್ಯೂಪೋರ್ಟ್ ನಿವಾಸಿ:
ಒಂದೇ ಅಲ್ಲ. ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಅಲೆಯುದ್ದ 311 ನ್ಯಾನೋಮೀಟರ್ ಆಸುಪಾಸಿನ ಯುವಿ-ಬಿ (ಯುವಿಯ ಒಂದು ಬಗೆ) ಕೊಡ್ತಾರೆ, ಅಳೆದು, ಬರೆದಿಟ್ಟು. ಸನ್‌ಬೆಡ್‌ನಲ್ಲಿ ಹೆಚ್ಚಿನ ಪಾಲು ಇನ್ನೊಂದು ಬಗೆಯಾದ ಯುವಿ-ಎ. ಅಂದಹಾಗೆ ಡಾಕ್ಸಿಸೈಕ್ಲಿನ್ (ಒಂದು ಆ್ಯಂಟಿಬಯಾಟಿಕ್) ಥರದ ಮಾತ್ರೆ ತಗೊಳ್ಳುವವರಿಗೆ ಸ್ವಲ್ಪ ಬೆಳಕಿಗೇ ಚರ್ಮ ಸುಡಬಹುದು, ಆದ್ದರಿಂದ ಬಂದವರನ್ನು ಮಾತ್ರೆ ಬಗ್ಗೆಯೂ ಕೇಳಬೇಕು.

ಮೆಲ್ಬರ್ನ್ ಮಂಜು:
ನಮ್ಮಲ್ಲಿ ಈ ಚರ್ಚೆಯೇ ಮುಗಿದುಹೋಗಿದೆ. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಸನ್‌ಬೆಡ್ಡನ್ನು ತಂಬಾಕು, ಕಲ್ನಾರು (ಆಸ್ಬೆಸ್ಟಾಸ್) ಇರುವ, ಕ್ಯಾನ್ಸರ್ ತರುತ್ತವೆ ಅಂತ ಖಚಿತವಾದವುಗಳ ಪಟ್ಟಿಗೇ ಸೇರಿಸಿತು. ಅದೇ ವರ್ಷ ಬ್ರೆಜಿಲ್ ನಿಷೇಧಿಸಿತು. ಆಸ್ಟ್ರೇಲಿಯಾದ ನಮ್ಮ ವಿಕ್ಟೋರಿಯಾ ರಾಜ್ಯದಲ್ಲಿ 2014ರ ಕೊನೆಗೆ ಅಂಗಡಿಗಳೆಲ್ಲ ಬಂದ್. ಅದಕ್ಕೆ ಮುಂಚೆ ಇಲ್ಲೂ ವಯಸ್ಸಿನ ಮಿತಿ, ಬೋರ್ಡು, ಗಾಗಲ್ಸು ಅಂತ ನಿಯಮಗಳಿದ್ದವು, ಸಾಲಲಿಲ್ಲ. ನನ್ನ ಕೇಳಿದರೆ ಆ ಎರಡು ಬೆಡ್ ಬಿಟ್ಟು ಉಳಿದ ಪಾರ್ಲರ್ ತಗೊಳ್ಳಿ.

ತುಂಗಾತೀರ:
ಎಲ್ಲರಿಗೂ ಥ್ಯಾಂಕ್ಸ್. ರಿಪೋರ್ಟ್ ಕೇಳಿದ್ದಕ್ಕೆ ಮಾರುವವರು "ಹುಡುಕಿ ಹೇಳ್ತೀನಿ" ಅಂದರು, ದನಿಯೇ ಬದಲಾಯಿತು. ನಾವು ಇಬ್ಬರೇ ಇರೋದು, ಒಬ್ಬರು ಥ್ರೆಡಿಂಗ್ ಮಾಡ್ತಿದ್ದರೆ ಇನ್ನೊಬ್ಬರು ಆ ಬಾಗಿಲು ಕಾಯುತ್ತಾ ಕೂರೋಕಾಗಲ್ಲ. ಬೆಡ್ ತೆಗೆಸಿಯೇ ಕೊಡಿ ಅಂತ ಕೇಳ್ತೀವಿ.

ವೋಲ್ಟೇಜ್ ವೆಂಕಿ:
ತೆಗೆಸುವ ಖರ್ಚೂ ಅವರದ್ದೇ ಅಂತ ಕರಾರಿನಲ್ಲಿ ಬರೆಸಿ. ಟ್ಯೂಬ್‌ನಲ್ಲಿ ಪಾದರಸ ಇರುತ್ತೆ, ಮಾಮೂಲಿ ಕಸಕ್ಕೆ ಹಾಕುವ ಹಾಗಿಲ್ಲ.